ಏಳೂವರೆಯ ಅಪ್ಪ

ಕಾಜಾ ಅಜ್ಜಿ ಬೀಗದಣ್ಣನನ್ನು ಮೊದಲು ಕಂಡ ದಿನ ಅವಳ ಮನೆಯ ಬಾಗಿಲು ಮುಚ್ಚಿಕೊಂಡಿತ್ತು, ಬೀಗದ ಕೈ ಒಳಗಿತ್ತು, ಒಲೆಯ ಮೇಲೆ ಹಾಲಿತ್ತು, ಅಜ್ಜಿ ಮಾತ್ರ ಹೊರಗಿದ್ದಳು.

ಅವಳ ಕೋಣೆ ಇದ್ದದ್ದು ಮೂರನೇ ಮಹಡಿಯಲ್ಲಿ. ಯಜಮಾನರು ಹೋದ ಮೇಲೆ ದೊಡ್ಡ ಮನೆ ಬಿಟ್ಟು ಈ ಒಂದು ಕೋಣೆಗೆ ಬಂದು ಇನ್ನೂ ಸಾಮಾನು ಪೂರ್ತಿ ಜೋಡಿಸಿರಲಿಲ್ಲ. ಕೆಳಗೆ ಟೈಲರನ ಅಂಗಡಿ. ಅವನು ಹೊಲಿದ ಅಂಗಿಗಳಿಗೆ ಕಾಜಾ ತೆಗೆದು ಗುಂಡಿ ಹಾಕುವುದು ಅಜ್ಜಿಯ ಕೆಲಸ, ಹಾಗಾಗಿ ಆ ಹೆಸರು. ಅಂಗಿಗಳು ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಮೇಲೆ ಬರುತ್ತಿದ್ದವು, ಗುಂಡಿ ಬಿದ್ದ ಮೇಲೆ ಅದೇ ಬುಟ್ಟಿಯಲ್ಲಿ ಇಳಿಯುತ್ತಿದ್ದವು. ಆ ದಿನ ಬುಟ್ಟಿ ಇಳಿಸಲು ವರಾಂಡಕ್ಕೆ ಬಂದಳು, ಹಿಂದಿನಿಂದ ಗಾಳಿ ಬಾಗಿಲನ್ನು ಎಳೆದುಕೊಂಡಿತು.

"ಟೈಲರಪ್ಪಾ, ಬಾಗಿಲು ಹಾಕ್ಕೊಂಡ್ಬಿಡ್ತು!" ಎಂದು ಅಜ್ಜಿ ಕೆಳಗೆ ಬಗ್ಗಿ ಕೂಗಿದಳು.

ಟೈಲರ್ ಬಾಯಿಂದ ಗುಂಡುಸೂಜಿ ತೆಗೆದು ಮೇಲೆ ನೋಡಿದ. "ಒಲೆ ಮೇಲೆ ಏನಾದ್ರೂ ಇದೆಯಾ?"

"ಹಾಲಿದೆ."

"ಸಣ್ಣ ಉರೀನಾ?"

"ಸಣ್ಣ ಉರೀನೇ."

"ಹಾಗಾದ್ರೆ ಬೀಗದಣ್ಣನ್ನ ಕಳಿಸ್ತೀನಿ. ದೊಡ್ಡ ಉರಿ ಆಗಿದ್ರೆ ಬಡಗಿನ ಕಳಿಸಬೇಕಿತ್ತು."

ಸ್ವಲ್ಪ ಹೊತ್ತಿಗೆ ಒಬ್ಬ ಸಣಕಲು ಮನುಷ್ಯ ಹೆಗಲಿಗೆ ಚೀಲ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದ. ಬೆರಳ ತುದಿಗಳಲ್ಲಿ ಹಿತ್ತಾಳೆಯ ಪುಡಿ ಹೊಳೆಯುತ್ತಿತ್ತು. ಅಜ್ಜಿ ಅವನ ಮುಖ ನೋಡಿದಳು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಆ ಮುಖವನ್ನು ಅವಳು ದಿನಾ ಸಂಜೆ ಏಳೂವರೆಗೆ ಟಿವಿಯಲ್ಲಿ ನೋಡುತ್ತಿದ್ದಳು. ಅಗಲ ಹಣೆ, ಎಡಗಡೆ ಬೈತಲೆ, ಯಾರನ್ನೋ ಕ್ಷಮಿಸಿಬಿಟ್ಟ ಹಾಗಿರುವ ಕಣ್ಣು.

"ಅಯ್ಯೋ, ನೀವು ತೀರಿಕೊಂಡಿದ್ರಲ್ಲಾ!" ಅಂದಳು.

"ಹೌದಜ್ಜಿ, ವರ್ಷದ ಮೇಲಾಯ್ತು. ಸ್ವಲ್ಪ ಪಕ್ಕಕ್ಕೆ ಬನ್ನಿ, ಬೆಳಕು ಬೀಳ್ಲಿ," ಎಂದು ಅವನು ಬೀಗದ ಮುಂದೆ ಕುಕ್ಕರಗಾಲಲ್ಲಿ ಕೂತ.

ಬಾಗಿಲು ತೆರೆದಾಗ ಹಾಲು ಅರ್ಧಕ್ಕೆ ಇಳಿದು ಗಟ್ಟಿಯಾಗಿತ್ತು. ಅದರಲ್ಲೇ ಅಜ್ಜಿ ಇಬ್ಬರಿಗೂ ಟೀ ಮಾಡಿದಳು. ಟೀ ಕುಡಿಯುತ್ತ ಅವನು ತಾನು ಸತ್ತ ಕತೆ ಹೇಳಿದ.

ಲೈಸೆನ್ಸಿಗೆ ಬೇಕೆಂದು ಅವನು ಫೋಟೊ ಸ್ಟುಡಿಯೊದಲ್ಲಿ ಒಂದು ಫೋಟೊ ತೆಗೆಸಿದ್ದ. ಅದು ಚೆನ್ನಾಗಿ ಬಂತೆಂದು ಸ್ಟುಡಿಯೊದವನು ದೊಡ್ಡದು ಮಾಡಿ ಗಾಜಿನ ಪೆಟ್ಟಿಗೆಯಲ್ಲಿಟ್ಟ. ಒಂದು ದಿನ ಸೀರಿಯಲ್ಲಿನವನೊಬ್ಬ ಬಂದು, ತೀರಿಹೋದ ಯಜಮಾನರ ಫೋಟೊ ಬೇಕಾಗಿದೆ, ನೋಡಿದ ಕೂಡಲೇ ಪಾಪ ಅನ್ನಿಸಬೇಕು ಎಂದು ಕೇಳಿದ. ಇಲ್ಲಿರುವವರೆಲ್ಲ ಬದುಕಿದ್ದಾರೆ ಎಂದ ಸ್ಟುಡಿಯೊದವನು. ಬಂದವನು ಎಲ್ಲ ಫೋಟೊಗಳ ಮೇಲೂ ಕಣ್ಣಾಡಿಸಿ ಬೀಗದಣ್ಣನ ಮುಂದೆ ನಿಂತು, "ಇವರು ನಡೀತಾರೆ" ಎಂದ. ಬೀಗದಣ್ಣನನ್ನೂ ಕೇಳಿದರು. ಗೋಡೆ ಮೇಲೆ ತಾನೇ, ಇದ್ದುಕೊಳ್ಳಲಿ ಎಂದು ಅವನು ಒಪ್ಪಿದ.

"ಹೇಗೆ ಸತ್ತೆ ಅಂತ ನಂಗೆ ಯಾರೂ ಹೇಳಿಲ್ಲ ಅಜ್ಜಿ. ಸೀರಿಯಲ್ ಶುರುವಾಗೋ ಹೊತ್ತಿಗೇ ಹೋಗಿದ್ದೆ."

"ಹಾರ್ಟು," ಎಂದಳು ಅಜ್ಜಿ. "ನಿಮ್ಮ ಹೆಂಡ್ತಿ ಡಾಕ್ಟರ ಹತ್ರ ಹೇಳಿದ್ರು. ಊಟಕ್ಕೆ ಕೂತಿದ್ರಂತೆ, ಎರಡನೇ ಸಲ ಬಡಿಸೋಕೆ ಬಂದ್ರೆ ನೀವಿರ್ಲಿಲ್ವಂತೆ."

"ಹೌದಾ?" ಎಂದ ಬೀಗದಣ್ಣ. ಸ್ವಲ್ಪ ಯೋಚಿಸಿ, "ಒಂದು ಸಲ ಆದ್ರೂ ತಿಂದಿದ್ನಲ್ಲ," ಎಂದ.

ಅವನು ಸೀರಿಯಲ್ಲು ನೋಡುತ್ತಿರಲಿಲ್ಲ. ಏಳೂವರೆಗೆ ಜನ ಕೆಲಸದಿಂದ ವಾಪಸು ಬರುವ ಹೊತ್ತು, ಬಸ್ ಸ್ಟಾಪಿನ ಪಕ್ಕದ ಅವನ ಗೂಡಂಗಡಿಗೆ ಆಗಲೇ ಗಿರಾಕಿ. ಅಜ್ಜಿ ಬೆಳಿಗ್ಗೆ ಹಾಲಿಗೆ ಹೋಗುವ ದಾರಿಯಲ್ಲೇ ಆ ಅಂಗಡಿ. ಮಾರನೆಯ ದಿನದಿಂದ ಅದೊಂದು ವಾಡಿಕೆ ಆಯಿತು. ಅಜ್ಜಿ ಹಾಲಿನ ಪಾತ್ರೆ ಹಿಡಿದು ನಿಲ್ಲುವಳು, ಅವನು ಅರ ಹಿಡಿದ ಕೈ ನಿಲ್ಲಿಸಿ ಕೇಳುವನು:

"ಅಜ್ಜೀ, ನಿನ್ನೆ ಏನಾಯ್ತು ನಮ್ಮನೇಲಿ?"

ಅಜ್ಜಿಗೆ ಓದು ಬರಹ ಅಷ್ಟಕ್ಕಷ್ಟೆ. ಆದರೆ ಕಂಡದ್ದನ್ನು ಕಂಡ ಹಾಗೆ ಹೇಳುವುದರಲ್ಲಿ ಒಂದು ಹೊಲಿಗೆಯೂ ತಪ್ಪುತ್ತಿರಲಿಲ್ಲ. ಯಾರು ಯಾವ ಬಾಗಿಲಿಂದ ಬಂದರು, ಯಾವ ಸೀರೆ, ಯಾವ ಮಾತಿಗೆ ಮ್ಯೂಸಿಕ್ಕು ಬಂತು, ಎಲ್ಲ. ನಡುವಿನ ಸೋಪಿನ ಜಾಹೀರಾತೂ ಬರುತ್ತಿತ್ತು. ಬೀಗದಣ್ಣ ಎಲ್ಲ ಕೇಳಿ ಕೊನೆಗೆ, "ಮಗಳು ಏನಂದ್ಲು?" ಎನ್ನುತ್ತಿದ್ದ. ಸೀರಿಯಲ್ಲಿನ ಮಗಳು ದಿನಾ ಮಲಗುವ ಮುಂಚೆ ಅಪ್ಪನ ಫೋಟೊದ ಮುಂದೆ ನಿಂತು ಆ ದಿನದ ಸುಖದುಃಖ ಹೇಳಿಕೊಳ್ಳುತ್ತಿದ್ದಳು. ಬೀಗದಣ್ಣನಿಗೂ ಅವನ ಹೆಂಡತಿಗೂ ಮಕ್ಕಳಿರಲಿಲ್ಲ. ಅದನ್ನು ಅವರೂ ಆಡುತ್ತಿರಲಿಲ್ಲ, ಅಜ್ಜಿಯೂ ಕೇಳುತ್ತಿರಲಿಲ್ಲ.

ಓಣಿಯ ಜನಕ್ಕೆ ಅವನ ಮೇಲೆ ಗೌರವವೋ ಗೌರವ. ಹಣ್ಣಿನವಳು ಅವನಿಗೆ ಕೆಳಗಿನ ಸಾಲಿನ ಹಣ್ಣು ಕೊಡದೆ ಮೇಲಿನದನ್ನೇ ಕೊಡುತ್ತಿದ್ದಳು. ಬಸ್ಸಿನಲ್ಲಿ ಯಾರೋ ಎದ್ದು ಸೀಟು ಬಿಡುತ್ತಿದ್ದರು. ಅಜ್ಜಿಯ ಕಟ್ಟಡದ ಓನರಮ್ಮ ಒಂದು ದಿನ ಅಂಗಡಿಗೇ ಬಂದು ದನಿ ತಗ್ಗಿಸಿ, "ಅಣ್ಣಾ, ನಿಮ್ಮ ತಮ್ಮ ಸರಿಯಿಲ್ಲ. ಬಟ್ಟೆ ಅಂಗಡೀನ ಅವನ ಕೈಗೆ ಬಿಟ್ಟು ಹೋಗಿದ್ದೀರಿ. ಸ್ವಲ್ಪ ಕಣ್ಣಿಟ್ಟಿರಿ," ಎಂದಳು.

"ನಾನು ಸತ್ತಿದ್ದೀನಲ್ಲಮ್ಮ, ಹೇಗೆ ಕಣ್ಣಿಡ್ಲಿ?"

"ಅದೂ ಸರಿ," ಎಂದು ಓನರಮ್ಮ ನಿಟ್ಟುಸಿರು ಬಿಟ್ಟಳು.

ಇದೆಲ್ಲ ರುಚಿಸದೆ ಇದ್ದದ್ದು ಅವನ ಹೆಂಡತಿಗೆ. "ಆ ಟಿವಿಯವಳು ಗಂಡ ಗಂಡ ಅಂತ ದಿನಾ ಅಳ್ತಾಳೆ. ಎಲ್ರೂ ನನ್ನನ್ನ ನೋಡೋ ರೀತಿ ನೋಡಿದ್ರೆ, ಅವಳೇ ಮೊದಲ್ನೇವಳು, ನಾನು ಆಮೇಲೆ ಬಂದವಳು ಅನ್ನೋ ಹಾಗಿದೆ," ಎಂದು ಅಜ್ಜಿಯ ಹತ್ತಿರ ದೂರುತ್ತಿದ್ದಳು. "ನಾನು ಬದುಕಿರೋ ಗಂಡನ ಬಟ್ಟೆ ಒಗೀತೀನಿ. ಅದನ್ನ ಯಾರೂ ತೋರ್ಸಲ್ಲ."

ಬೀಗದಣ್ಣನ ಕೆಲಸಕ್ಕೆ ಒಂದು ಕಟ್ಟುಪಾಡಿತ್ತು. ಬೀಗದ ಕೈ ತಂದವರನ್ನು ಅದು ಯಾವ ಮನೆಯದು ಎಂದು ಅವನು ಕೇಳುತ್ತಿರಲಿಲ್ಲ. ಕೇಳಿದರೆ ತನ್ನ ಕೈ ಅದನ್ನು ನೆನಪಿಟ್ಟುಕೊಳ್ಳುತ್ತದೆ ಎನ್ನುತ್ತಿದ್ದ. ಮೂಲ ಬೀಗದ ಕೈಯನ್ನು ಗಿರಾಕಿಯ ಅಂಗೈಯಲ್ಲೇ ಇರಿಸಿ, ಒಂದು ಹಲ್ಲು ಅರೆಯುವುದು, ಬಗ್ಗಿ ನೋಡುವುದು, ಮತ್ತೊಂದು ಹಲ್ಲು ಅರೆಯುವುದು. ಹೊತ್ತು ಹಿಡಿಯುತ್ತಿತ್ತು. ಗಿರಾಕಿಗಳು ಬೇಡುವ ಹಾಗೆ ಕೈ ಚಾಚಿಕೊಂಡು ನಿಂತಿರುತ್ತಿದ್ದರು.

ಸೀರಿಯಲ್ಲಿನ ಅಪ್ಪ ಸಾಯುವವರೆಗೆ ಒಂದು ಸುಳ್ಳೂ ಹೇಳದವನು ಎಂದು ಎಲ್ಲರಿಗೂ ಗೊತ್ತಿದ್ದರಿಂದ ಜನ ತಮ್ಮ ಮನೆಯ ಎರಡನೇ ಬೀಗದ ಕೈಯನ್ನು ಅವನ ಹತ್ತಿರವೇ ಬಿಡಲು ಶುರು ಮಾಡಿದರು. ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಅವನು ಹಲಗೆಯೊಂದಕ್ಕೆ ಮೊಳೆ ಹೊಡೆದು ಅಂಗಡಿಯ ಒಳಗೋಡೆಗೆ ತೂಗುಹಾಕಿದ. ಓನರಮ್ಮನ ಕೈ, ಟೈಲರನ ಅಂಗಡಿಯ ಕೈ, ಹಣ್ಣಿನವಳ ಗೋದಾಮಿನ ಕೈ. ಬಾಗಿಲು ಎಳೆದುಕೊಳ್ಳುವ ಅಭ್ಯಾಸ ಇದ್ದುದರಿಂದ ಅಜ್ಜಿಯದೂ ಒಂದು. ಹಲಗೆ ತುಂಬಿತು. ಗಾಳಿ ಬಂದರೆ ಓಣಿಯ ಮನೆಗಳೆಲ್ಲ ಒಟ್ಟಿಗೆ ಕಿಣಿಕಿಣಿ ಎನ್ನುತ್ತಿದ್ದವು.

ಹೀಗಿರುವಾಗ ಒಂದು ಸಂಜೆ ಸೀರಿಯಲ್ಲಿನಲ್ಲಿ ತಿಜೋರಿ ಖಾಲಿಯಾಗಿದ್ದು ತಿಳಿಯಿತು. ಬಟ್ಟೆ ಅಂಗಡಿಯ ಪಾಲುದಾರನ ಒಡವೆ ಅದರಲ್ಲಿದ್ದದ್ದು. ಯಾರು ಕದ್ದರು, ಯಾರು ಕದ್ದರು ಎಂದು ಒಂದು ವಾರ ಎಳೆದು ಶುಕ್ರವಾರ ಹೆಸರು ಹೊರಗೆ ಹಾಕಿದರು. ಕದ್ದವನು ತೀರಿಹೋದ ಅಪ್ಪನಂತೆ. ಗುಟ್ಟಾಗಿ ಇನ್ನೊಂದು ಬೀಗದ ಕೈ ಮಾಡಿಸಿಕೊಂಡಿದ್ದನಂತೆ. ಮ್ಯೂಸಿಕ್ಕು ಬಡಿಯಿತು, ಫೋಟೊ ಪರದೆ ತುಂಬ ಬಂತು. ಕ್ಷಮಿಸಿದ ಹಾಗಿದ್ದ ಅದೇ ಕಣ್ಣುಗಳು ಈಗ ಏನನ್ನೋ ಮುಚ್ಚಿಟ್ಟ ಹಾಗೆ ಕಂಡವು. ಫೋಟೊದವನ ಕಸುಬು ಬೀಗ ಎಂದು ಬರೆದವನಿಗೆ ಗೊತ್ತಿರಲಿಲ್ಲ. ಕತ್ತಲಲ್ಲಿ ಎಸೆದ ಕಲ್ಲು ನೆಟ್ಟಗೆ ಬಂದು ಹಣೆಗೆ ಬಿದ್ದಿತ್ತು.

ಅಜ್ಜಿಯ ಸೂಜಿ ಕಾಜಾದ ನಡುವೆಯೇ ನಿಂತಿತು. ಇದನ್ನು ಬೆಳಿಗ್ಗೆ ಹೇಗೆ ಹೇಳುವುದೆಂದು ಯೋಚಿಸಿದಳು. ಯೋಚಿಸುವ ಅಗತ್ಯ ಬೀಳಲಿಲ್ಲ. ಬೆಳಿಗ್ಗೆ ಅವಳು ಹೋಗುವಷ್ಟರಲ್ಲಿ ಓನರಮ್ಮ ಅಂಗಡಿಯ ಮುಂದೆ ನಿಂತಿದ್ದಳು.

"ನಮ್ಮ ಕೀ ಕೊಟ್ಬಿಡಣ್ಣ. ಏನಿಲ್ಲ, ಹಾಗೇ."

ಬೀಗದಣ್ಣ ಮೊಳೆಯಿಂದ ತೆಗೆದು ಕೊಟ್ಟ. ಅವಳು ಹೋದ ಮೇಲೆ ಅಜ್ಜಿಯ ಕಡೆ ತಿರುಗಿದ. "ಏನಾಯ್ತಜ್ಜಿ ನಮ್ಮನೇಲಿ?"

ಅಜ್ಜಿ ಹೇಳಿದಳು. ಆ ದಿನ ಜಾಹೀರಾತನ್ನು ಬಿಟ್ಟಳು.

ಆ ವಾರ ಒಬ್ಬೊಬ್ಬರಾಗಿ ಬಂದರು. ಯಾರೂ ಕಳ್ಳ ಅನ್ನಲಿಲ್ಲ. ಎಲ್ಲರಿಗೂ ಒಂದೊಂದು ನೆಪ ಇತ್ತು. ಹಣ್ಣಿನವಳಿಗೆ ಊರಿಂದ ಭಾವ ಬರುವವನಿದ್ದ. ಟೈಲರ್ ಮಾತ್ರ ಮುಳ್ಳಿನ ಮೇಲೆ ಬಿದ್ದ ಬಟ್ಟೆ ಬಿಡಿಸುವ ಹಾಗೆ ಮಾತಾಡಿದ: "ನಂಗೇನೂ ಅನುಮಾನ ಇಲ್ಲ ಬೀಗದಣ್ಣ. ಆದ್ರೆ ಅಂಗಡೀಲಿರೋದು ಗಿರಾಕಿಗಳ ಬಟ್ಟೆ ನೋಡಿ. ಅವರೂ ಟಿವಿ ನೋಡ್ತಾರೆ."

ಅವನು ಮೇಲೆ ಬುಟ್ಟಿ ಕಳಿಸುವಾಗ ಅಜ್ಜಿ ವರಾಂಡದಿಂದಲೇ ಅವನನ್ನು ಮಾತಿಗೆ ಹಿಡಿದಳು. "ಅದು ಸೀರಿಯಲ್ಲು ಕಣಪ್ಪಾ!"

"ಸೀರಿಯಲ್ಲು ಅಂತ ನಂಗೂ ಗೊತ್ತಜ್ಜಿ. ಆದ್ರೂ ಬೆಂಕಿ ಇಲ್ದೆ ಹೊಗೆ ಬರುತ್ತಾ?"

"ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂತೀಯಲ್ಲಾ ನೀನು," ಎಂದು ಅಜ್ಜಿ ಬುಟ್ಟಿಯನ್ನು ಜೋರಾಗಿ ಎಳೆದುಕೊಂಡಳು.

ಅಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ಬೀಗದಣ್ಣನ ಹತ್ತಿರ ಇಷ್ಟು ದಿನ ಕೈ ಇತ್ತಲ್ಲ, ಅದಕ್ಕೆ ಇನ್ನೊಂದು ಮಾಡಿಟ್ಟುಕೊಂಡಿದ್ದರೆ ಎಂದು ಜನ ಬೀಗವನ್ನೇ ಬದಲಾಯಿಸತೊಡಗಿದರು. ಅದಕ್ಕೂ ಬೀಗದವನೇ ಬೇಕಲ್ಲ, ಪೇಟೆಯ ಆಚೆ ತುದಿಯಲ್ಲಿದ್ದ ಇನ್ನೊಬ್ಬನ ಹತ್ತಿರ ಹೋದರು. ಅವನು ಸೀರಿಯಲ್ಲಿನಲ್ಲಿ ಇರಲಿಲ್ಲ. ಬೀಗದಣ್ಣನ ಅರ ಸುಮ್ಮನಾಯಿತು. ಬಂದರೆ ಕೊಡೆ ರಿಪೇರಿ, ಸೂಟ್‌ಕೇಸಿನ ಗಾಲಿ. ಹಲಗೆಯಲ್ಲಿ ಉಳಿದದ್ದು ಅಜ್ಜಿಯ ಕೈ ಒಂದೇ. ಗಾಳಿ ಬಂದರೆ ಅದಕ್ಕೆ ತಾಗಲು ಇನ್ನೊಂದಿರಲಿಲ್ಲ, ಸದ್ದು ಬರುತ್ತಿರಲಿಲ್ಲ.

ಅವನ ಹೆಂಡತಿ ಅಜ್ಜಿಯ ಕೋಣೆಗೆ ಬಂದು ಕೂತಳು. "ನಾನಾಗ್ಲೇ ಹೇಳ್ದೆ. ಮಾಡದೆ ಇರೋ ಪುಣ್ಯ ಬಂದಾಗ ಬೇಡ ಅನ್ಲಿಲ್ಲ, ಈಗ ಮಾಡದೆ ಇರೋ ಪಾಪ ಬಂದಿದೆ. ಬೀಗದ ಕೆಲಸದವನು ಕಳ್ಳ ಅಂತ ಆದ್ರೆ ಇನ್ನೇನು ಉಳೀತು ಅಜ್ಜಿ? ಅಡುಗೆಯವನು ವಿಷ ಹಾಕ್ದ ಅಂದ ಹಾಗೆ. ರಾತ್ರಿ ಊಟ ಸೇರ್ತಿಲ್ಲ ಅವ್ರಿಗೆ."

"ಸೀರಿಯಲ್ ಮಾಡೋರನ್ನೇ ಹೋಗಿ ಕೇಳೋಣ," ಎಂದಳು ಅಜ್ಜಿ. "ನೀನೂ ಬಾ."

"ನಾನು ಬರಲ್ಲಪ್ಪ. ಅಲ್ಲಿ ನನ್ನ ಗಂಡನ ಹೆಂಡ್ತಿ ಇರ್ತಾಳೆ."

ಹಾಗಾಗಿ ಬೀಗದಣ್ಣನ ಜೊತೆ ಅಜ್ಜಿ ಹೋದಳು. ಎರಡು ಬಸ್ ಬದಲಾಯಿಸಿ ಊರ ಹೊರಗಿನ ತಗಡಿನ ಚಾವಣಿಯ ದೊಡ್ಡ ಶೆಡ್ಡಿಗೆ ಇಬ್ಬರೂ ಬಂದರು. ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. ಬೀಗದಣ್ಣನ ಮುಖ ನೋಡಿದ. ಕೈ ತಾನಾಗಿ ಇಳಿಯಿತು.

"ನೀವಾ? ಹೋಗಿ ಒಳಗೆ," ಎಂದು ಗೇಟು ತೆಗೆದ. ಹಿಂದಿನಿಂದ ಮೆಲ್ಲಗೆ, "ಏನೋ ಕಷ್ಟ ಇತ್ತೇನೋ ಬಿಡಿ ಸಾರ್, ಮನುಷ್ಯ ಅಂದ್ಮೇಲೆ," ಎಂದೂ ಸೇರಿಸಿದ.

ಒಳಗೆ ಆ ಮನೆ ಇತ್ತು. ಅಜ್ಜಿಗೆ ಅದರ ಮೂಲೆ ಮೂಲೆ ಗೊತ್ತಿತ್ತು, ಆದರೂ ಗುರುತು ಸಿಗಲಿಲ್ಲ. ಹಾಲ್ ಇತ್ತು, ಹಾಲಿನ ಪಕ್ಕ ಇರಬೇಕಾಗಿದ್ದ ಅಡುಗೆಮನೆ ಶೆಡ್ಡಿನ ಆ ಕೊನೆಯಲ್ಲಿತ್ತು. ಮೆಟ್ಟಿಲು ಹತ್ತಿದರೆ ಮೇಲೆ ಏನೂ ಇರಲಿಲ್ಲ, ಒಬ್ಬ ಲೈಟಿನವನು ಕೂತು ಬಾಳೆಹಣ್ಣು ತಿನ್ನುತ್ತಿದ್ದ. ಇಷ್ಟು ದಿನ ಆ ಮೆಟ್ಟಿಲು ಹತ್ತಿ ಹೋಗಿ ಅಳುತ್ತಿದ್ದವರೆಲ್ಲ ಎಲ್ಲಿಗೆ ಹೋಗುತ್ತಿದ್ದರೋ ಎಂದು ಅವಳಿಗೆ ಚಿಂತೆಯಾಯಿತು. ಗೋಡೆಯ ಹಿಂದೆ ಇಣುಕಿದಳು. ಬರೀ ಪ್ಲೈವುಡ್. ಮುಂದೆ ಮಾತ್ರ ಫೋಟೊ ನಿಜವಾಗಿ ಇತ್ತು. ಬೀಗದಣ್ಣ ಅದರ ಕೆಳಗೆ ನಿಂತ. ಫೋಟೊದಲ್ಲಿ ಅವನ ಕೆನ್ನೆ ಇನ್ನೂ ತುಂಬಿಕೊಂಡಿತ್ತು.

ಡೈರೆಕ್ಟರ್ ಎಂದರೆ ದೊಡ್ಡ ಮನುಷ್ಯ ಇರಬೇಕು ಎಂದುಕೊಂಡಿದ್ದರು. ಬಂದವನು ಕೆಮ್ಮಿನ ಔಷಧಿಯ ಬಾಟಲಿ ಹಿಡಿದುಕೊಂಡಿದ್ದ, ನಿದ್ದೆಗೆಟ್ಟ ಮನುಷ್ಯ. ಬೀಗದಣ್ಣ ಬಂದ ವಿಷಯ ಹೇಳಿದ. ಅವನು ಕೂತು ಕೇಳಿದ, ಕೇಳಿ ತಲೆ ಕೆರೆದುಕೊಂಡ.

"ಯಾರಾದ್ರೂ ಒಬ್ರು ಕದೀಲೇಬೇಕಿತ್ತು ಯಜಮಾನ್ರೇ. ಜನ ನೋಡೋದು ಕಮ್ಮಿ ಮಾಡಿದ್ರು. ಚಿಕ್ಕಪ್ಪನ ಪಾರ್ಟಿನವರಿಗೆ ಹೇಳ್ದೆ, ಒಪ್ಲಿಲ್ಲ. ಈಗ್ಲೇ ತರಕಾರಿ ಅಂಗಡೀಲಿ ಬೈತಾರಂತೆ. ಅಮ್ಮನ ಪಾರ್ಟಿನವರು ಕದಿಯೋದಾದ್ರೆ ನಾಳೆಯಿಂದ ಬರಲ್ಲ ಅಂದ್ರು. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು. ಉಳಿದಿದ್ದು ನೀವೊಬ್ರೇ. ಫೋಟೊ ಬೇಡ ಅನ್ನಲ್ಲ."

"ಈಗ ಬೇಡ ಅಂತಾ ಇದೆ," ಎಂದಳು ಅಜ್ಜಿ.

ಡೈರೆಕ್ಟರ್ ಫೋಟೊ ನೋಡಿದ, ಬೀಗದಣ್ಣನನ್ನು ನೋಡಿದ, ಒಂದು ಗುಟುಕು ಔಷಧಿ ಕುಡಿದ. "ಒಂದು ಕೆಲಸ ಮಾಡ್ತೀನಿ. ನಿಮ್ಮ ಫೋಟೊ ತೆಗ್ದು ಬೇರೆಯವರದು ಹಾಕ್ತೀನಿ."

ಬೀಗದಣ್ಣ ತಲೆಯೆತ್ತಿ ತನ್ನ ಫೋಟೊ ನೋಡಿದ. ಆಮೇಲೆ, "ಕಳ್ಳ ಅಂತ ಇಳಿಸಿದ್ರೆ ನಾನು ಕಳ್ಳನಾಗೇ ಉಳೀತೀನಿ ಸಾರ್. ಇಳಿಸಿ, ಬೇಡ ಅನ್ನಲ್ಲ. ಮೊದ್ಲು ಒಳ್ಳೆಯವನು ಅಂತ ಮಾಡಿ, ಆಮೇಲೆ ಇಳಿಸಿ," ಎಂದ.

"ಆಗಲ್ವಲ್ಲ. ಬರ್ದಾಗಿದೆ. ಇವತ್ತೇ ಮಗಳು ಫೋಟೊ ಕಿತ್ತು ನೆಲಕ್ಕೆ ಎಸೀತಾಳೆ. ಒಡೆಯೋಕೆ ಅಂತಾನೇ ಬೇರೆ ಕಾಪಿಗಳನ್ನ ಮಾಡ್ಸಿಟ್ಟಿದ್ದೀವಿ," ಎಂದು ಅವನು ಗೋಡೆಗೊರಗಿಸಿದ್ದ ನಾಲ್ಕಾರು ಬೀಗದಣ್ಣರನ್ನು ತೋರಿಸಿದ. ಎಲ್ಲರೂ ಕ್ಷಮಿಸುವ ಮುಖದಲ್ಲೇ ಇದ್ದರು.

ಅಷ್ಟರಲ್ಲಿ ತಲೆ ತುಂಬ ಪಿನ್ನು ಸಿಕ್ಕಿಸಿಕೊಂಡ ಹುಡುಗಿಯೊಬ್ಬಳು ಬಿಸ್ಕತ್ತು ತಿನ್ನುತ್ತ ಬಂದಳು. ಬಂದವಳು ನಿಂತುಬಿಟ್ಟಳು. ಅವಳೇ ಮಗಳು. ಅರ್ಧ ಬಿಸ್ಕತ್ತನ್ನು ಹಿಂದೆ ಮುಚ್ಚಿಟ್ಟುಕೊಂಡಳು, ಮನೆಯಲ್ಲಿ ದೊಡ್ಡವರು ಬಂದಾಗ ಮಕ್ಕಳು ಮಾಡುವ ಹಾಗೆ.

"ನೀವು ಇಷ್ಟು ಎತ್ತರ ಇದ್ದೀರಾ? ನಾನು ಭುಜದ ತನಕ ಮಾತ್ರ ನೋಡಿದ್ದು," ಎಂದಳು.

"ಕೂತ್ಕೊಂಡು ತೆಗೆಸಿದ್ದಮ್ಮ," ಎಂದ ಬೀಗದಣ್ಣ.

ಹುಡುಗಿ ಆಚೀಚೆ ನೋಡಿ ಹತ್ತಿರ ಬಂದಳು. ದನಿ ಇಳಿಸಿ ಕೇಳಿದಳು: "ನೀವು ನಿಜವಾಗ್ಲೂ ಕದ್ರಾ? ನಮಗೆ ಇವ್ರು ಮುಂಚೆ ಏನೂ ಹೇಳಲ್ಲ."

ಅಜ್ಜಿಗೆ ನಗು ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ಅಷ್ಟು ದಿನದಲ್ಲಿ ಈ ಮಾತನ್ನು ಅವನ ಹತ್ತಿರ ಯಾರೂ ಕೇಳಿರಲಿಲ್ಲ. ಓನರಮ್ಮ ಕೇಳಿರಲಿಲ್ಲ, ಟೈಲರ್ ಕೇಳಿರಲಿಲ್ಲ, ಹಣ್ಣಿನವಳು ಕೇಳಿರಲಿಲ್ಲ. ಎಲ್ಲರೂ ಬೀಗದ ಕೈ ಕೇಳಿದ್ದರು.

"ಇಲ್ಲಮ್ಮ. ಕದ್ದಿಲ್ಲ," ಎಂದ ಬೀಗದಣ್ಣ.

"ಸರಿ," ಎಂದು ಹುಡುಗಿ ಹೊರಟು ಹೋದಳು.

ಮರದ ಪೆಟ್ಟಿಗೆಯೊಂದರ ಮೇಲೆ ಇವರನ್ನು ಕೂರಿಸಿದರು. ಉಸಿರಾಡಬಹುದು, ಕೆಮ್ಮಬಾರದು ಎಂದರು. ಲೈಟು ಹತ್ತಿತು. ಚಿಕ್ಕಪ್ಪ ಬಂದು ಅಣ್ಣನ ಹೆಸರಿಗೆ ಎರಡು ಮಾತು ಬೈದ. ಅಮ್ಮ ಕುಸಿದು ಕುರ್ಚಿಯಲ್ಲಿ ಕೂತಳು. ಮಗಳು ಓಡಿ ಬಂದು ಫೋಟೊವನ್ನು ಗೋಡೆಯಿಂದ ಕಿತ್ತು ಎರಡೂ ಕೈಯಲ್ಲಿ ಎತ್ತಿದಳು. ಎಸೆಯಬೇಕು. ಎಸೆಯಲಿಲ್ಲ. ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಸೆರಗಿನಲ್ಲಿ ಗಾಜು ಒರೆಸಿ ಫೋಟೊವನ್ನು ಮತ್ತೆ ಮೊಳೆಗೆ ಹಾಕಿ ಓರೆಯಾದ ಮೂಲೆಯನ್ನು ಸರಿ ಮಾಡಿದಳು.

"ಅಪ್ಪ ಕದ್ದಿಲ್ಲ," ಎಂದಳು. "ನಾನು ಕೇಳ್ದೆ. ಇಲ್ಲ ಅಂದ್ರು."

ಡೈರೆಕ್ಟರ್ ನಿಲ್ಲಿಸಿ ಎಂದು ಕೂಗಿದ. ಬುದ್ಧಿ ಹೇಳಿದ, ಇನ್ನೊಂದು ಸಲ ಮಾಡಿಸಿದ. ಇನ್ನೊಂದು ಸಲವೂ ಅವಳು ಅದನ್ನೇ ಮಾಡಿದಳು. ಕೈ ಬರಲ್ಲ ಸಾರ್, ಕೇಳಿಬಿಟ್ಟಿದ್ದೀನಿ ಎಂದಳು. ಚಿಕ್ಕಪ್ಪನಿಗೆ ಬೇರೆ ಕಡೆ ಶೂಟಿಂಗ್ ಇತ್ತು, ಅವನು ಗಡಿಯಾರ ನೋಡುತ್ತ ನಿಂತಿದ್ದ. ಈ ಭಾಗ ಮಾರನೆಯ ದಿನವೇ ಟಿವಿಗೆ ಹೋಗಬೇಕಿತ್ತು. ಡೈರೆಕ್ಟರ್ ಬಾಟಲಿಯಲ್ಲಿ ಉಳಿದಿದ್ದನ್ನು ಪೂರ್ತಿ ಕುಡಿದು ಬರೆಯುವವನಿಗೆ ಫೋನ್ ಮಾಡಿದ.

"ಅಪ್ಪ ಕದ್ದಿಲ್ವಂತೆ. ಮತ್ಯಾರು ಅಂತ ನೋಡು."

ಮಾರನೆಯ ಸಂಜೆ ಓಣಿಯ ಎಲ್ಲ ಮನೆಯಲ್ಲೂ ಹುಡುಗಿ ಫೋಟೊ ಒರೆಸಿ ಮೊಳೆಗೆ ಹಾಕಿದಳು. ಓನರಮ್ಮನ ಮನೆಯಿಂದ ಮೂಗು ಸೀಟುವ ಸದ್ದು ಮೂರನೇ ಮಹಡಿಗೂ ಕೇಳಿಸಿತು. ಬೆಳಿಗ್ಗೆ ಅಜ್ಜಿ ಹಾಲಿನ ಪಾತ್ರೆ ಹಿಡಿದು ಹೋದರೆ ಬೀಗದಣ್ಣ ಅರ ನಿಲ್ಲಿಸಿ ಕೇಳಿದ, ತಾನೇ ಅಲ್ಲಿ ಪೆಟ್ಟಿಗೆಯ ಮೇಲೆ ಕೂತು ನೋಡಿಲ್ಲ ಎನ್ನುವ ಹಾಗೆ:

"ನಿನ್ನೆ ಏನಾಯ್ತಜ್ಜಿ ನಮ್ಮನೇಲಿ?"

"ಮಗಳು ಕೇಳಿದ್ಲು. ನೀವು ಇಲ್ಲ ಅಂದ್ರಿ. ಆಮೇಲೆ ಸೋಪಿನದು ಬಂತು."

ಮೊದಲು ಬಂದವಳು ಓನರಮ್ಮ. "ನಾನು ಮೊದಲಿಂದ್ಲೂ ಹೇಳ್ತಾನೇ ಇದ್ದೆ, ಇದೆಲ್ಲ ಆ ತಮ್ಮನ ಕೆಲಸ ಅಂತ," ಎಂದು ಹೊಸ ಬೀಗದ ಹೊಸ ಕೈಯನ್ನು ಮುಂದಕ್ಕೆ ಚಾಚಿದಳು. ಬೀಗದಣ್ಣ ತೆಗೆದುಕೊಳ್ಳಲು ಕೈ ನೀಡಿದ. ಆ ದಿನ ಅವನ ಹೆಂಡತಿ ಅಂಗಡಿಯಲ್ಲೇ ಕೂತಿದ್ದಳು. ನಡುವೆ ಕೈ ಅಡ್ಡ ಇಟ್ಟಳು.

"ಕೇಳಿ, ಆಮೇಲೆ ಕೊಡಿ."

"ಏನು ಕೇಳ್ಬೇಕು?"

"ಆ ಹುಡುಗಿ ಕೇಳಿದ್ಲಲ್ಲ, ಅದನ್ನೇ."

ಓನರಮ್ಮನ ಮುಖ ಕೆಂಪಾಯಿತು. ಹಿಂದೆ ಹಣ್ಣಿನವಳು, ಅವಳ ಹಿಂದೆ ಟೈಲರ್ ನಿಂತಿದ್ದರು. ಬೇರೆ ದಾರಿ ಇರಲಿಲ್ಲ. "ಅಣ್ಣಾ, ನೀವು ಕದ್ರಾ?" ಎಂದಳು.

"ಇಲ್ಲಮ್ಮ."

"ಹಾಂ, ಈಗ ಕೊಡಿ," ಎಂದಳು ಹೆಂಡತಿ.

ಹಾಗೆ ಒಬ್ಬೊಬ್ಬರೂ ಕೇಳಿದರು, ಬೀಗದಣ್ಣ ಒಬ್ಬೊಬ್ಬರಿಗೂ ಇಲ್ಲ ಎಂದ. ಟೈಲರ್ ಎರಡು ಸಲ ಕೇಳಬೇಕಾಯಿತು, ಮೊದಲನೆಯದು ಕೇಳಿಸಲಿಲ್ಲ ಎಂದಳು ಹೆಂಡತಿ. ಆಮೇಲೆ ಅದೇ ಅಲ್ಲಿನ ಪದ್ಧತಿಯಾಗಿಬಿಟ್ಟಿತು. ಏನೂ ಗೊತ್ತಿಲ್ಲದ ಹೊಸಬರು ಬಂದರೂ, ಬೀಗದ ಕೈ ಕೊಡುವ ಮುಂಚೆ ಅವನನ್ನು ನೀವು ಕದ್ದಿರಾ ಎಂದು ಕೇಳಬೇಕು, ಅದು ಇಲ್ಲಿಯ ರೂಢಿ ಎಂದು ಹಣ್ಣಿನವಳೇ ಹೇಳಿಕೊಡುತ್ತಿದ್ದಳು. ಹಲಗೆ ಮತ್ತೆ ಕಿಣಿಕಿಣಿ ಎಂದಿತು.

ಸೀರಿಯಲ್ಲಿನಲ್ಲಿ ಕದ್ದವನು ಚಿಕ್ಕಪ್ಪನೇ ಎಂದಾಯಿತು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತ್ತು. ಆ ಪಾರ್ಟಿನವನು ಅಲ್ಲಿಂದ ಮುಂದೆ ತರಕಾರಿಯನ್ನು ಮನೆಗೇ ತರಿಸಿಕೊಳ್ಳುತ್ತಿದ್ದ ಎಂದು ಸುದ್ದಿ.

ಇನ್ನೂ ಕೆಲವು ವರ್ಷ ನಡೆದು ಸೀರಿಯಲ್ಲು ಮುಗಿಯಿತು. ಮನೆ ಬಿಚ್ಚುವಾಗ ಹುಡುಗಿ ಗೋಡೆಯ ಫೋಟೊವನ್ನು ಆಟೊದಲ್ಲಿ ಕಳಿಸಿಕೊಟ್ಟಳು. ಬೀಗದಣ್ಣನ ಹೆಂಡತಿ ಅದನ್ನು ಗೋಡೆಗೆ ಹಾಕಲು ಬಿಡಲಿಲ್ಲ. ಬದುಕಿರುವವರದು ಇಷ್ಟು ದೊಡ್ಡದು ಬೇಡ ಎಂದು ಬೀರುವಿನ ಹಿಂದೆ ಮುಖ ಒಳಗೆ ಮಾಡಿ ನಿಲ್ಲಿಸಿದಳು. ವಾರಕ್ಕೊಮ್ಮೆ ಧೂಳು ಮಾತ್ರ ಹೊಡೆಯುತ್ತಿದ್ದಳು. ಬೆಳಿಗ್ಗೆ ಅಜ್ಜಿ ಹಾಲಿಗೆ ಹೋಗುವಾಗ ಅಂಗಡಿಯ ಮುಂದೆ ನಿಲ್ಲುತ್ತಿದ್ದಳು. ಹೇಳಲು ಏನೂ ಇರುತ್ತಿರಲಿಲ್ಲ. ಹಾಲು ನೀರಾಗಿದೆ ಎಂದು ಇಬ್ಬರೂ ಒಪ್ಪಿಕೊಂಡು ಮುಗಿಸುತ್ತಿದ್ದರು.

ಬೀಗದಣ್ಣನಿಗೆ ಉಸಿರಿನ ತೊಂದರೆ ಹಿಡಿದದ್ದು ಆಮೇಲೆ. ಹಿತ್ತಾಳೆಯ ಪುಡಿ ಒಳಗೆ ಕೂತಿದೆ ಎಂದರು ಡಾಕ್ಟರು. ಅಂಗಡಿ ಮುಚ್ಚಿ ಹಲಗೆಯನ್ನು ಮನೆಗೆ ತಂದು ಮಂಚದ ಪಕ್ಕ ಒರಗಿಸಿದರು. ಅವನು ಎಲ್ಲರಿಗೂ ಹೇಳಿ ಕಳಿಸಿದ. ಬಂದು ಬಂದು ತಮ್ಮ ತಮ್ಮ ಕೈ ತೆಗೆದುಕೊಂಡು ಹೋದರು. ಈ ಸಲ ಎಲ್ಲರೂ ಕೂತು ಮಾತಾಡಿ ಹೋದರು. ಅಜ್ಜಿ ಮೊಣಕಾಲು ಹಿಡಿದುಕೊಂಡು ಹೋಗುವಷ್ಟರಲ್ಲಿ ಹಲಗೆಯಲ್ಲಿ ಅವಳದೊಂದೇ ಇತ್ತು.

"ತಗೊಳ್ಳಿ ಅಜ್ಜಿ."

"ನಂಗ್ಯಾಕಪ್ಪಾ? ಮತ್ತ್ಯಾವಾಗಾದ್ರೂ ಬಾಗಿಲು ಹಾಕ್ಕೊಂಡ್ರೆ ಏನ್ ಮಾಡ್ಲಿ?"

"ಟೈಲರ್ ಹತ್ರ ಬಿಡಿ. ಮೊದ್ಲು ಕೇಳಿ, ಆಮೇಲೆ ಬಿಡಿ," ಎಂದ. ನಗಲು ಹೋಗಿ ಕೆಮ್ಮಿದ. ಹೆಂಡತಿ ಒಳಗಿಂದ ನೀರು ತಂದು ಕುಡಿಸಿ, ದಿಂಬು ಎತ್ತರಿಸಿ ಹೋದಳು.

ಅಜ್ಜಿ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಏಳುವ ಹೊತ್ತಾಗಿತ್ತು.

"ಅಜ್ಜೀ, ಆ ಹುಡುಗಿ ಈಗ ಎಲ್ಲಿದ್ದಾಳೆ?"

"ಬೇರೆ ಚಾನೆಲ್ಲಿಗೆ ಹೋದ್ಲು. ಎಂಟು ಗಂಟೆಗೆ ಬರ್ತಾಳೆ. ದೊಡ್ಡ ಮನೆಗೆ ಸೊಸೆ ಆಗಿದ್ದಾಳೆ. ಅತ್ತೆ ಒಳ್ಳೆಯವಳಲ್ಲ."

ಬೀಗದಣ್ಣ ಮಾಡಿನ ಕಡೆ ನೋಡುತ್ತ ಮಲಗಿದ್ದ. ಎದೆ ಮೇಲೆ ಕೆಳಗೆ ಆಗುತ್ತಿತ್ತು. ಬೆರಳ ತುದಿಯಲ್ಲಿ ಈಗ ಹೊಳಪೇನೂ ಇರಲಿಲ್ಲ. ಅಜ್ಜಿ ಬಾಗಿಲ ತನಕ ಹೋದ ಮೇಲೆ ಹಿಂದಿನಿಂದ ಕೇಳಿದ:

"ಅಲ್ಲಿ ಅವಳಿಗೆ ಅಪ್ಪ ಇದ್ದಾನಾ, ಅಜ್ಜೀ?"